ಆರುನೂರು ಗಜಕ್ಕೆ ಯಾವ ತೋಟಾ?

ಪ್ರಶ್ನೆ: 300ರಿಂದ 600 ಗಜದವರೆಗೆ ಗುರಿ ಅಭ್ಯಾಸ ಮಾಡಲು ರೈಫಲ್ ಕೊಳ್ಳಬೇಕೆಂದಿದ್ದೇನೆ. .308 ವಿಂಚೆಸ್ಟರ್ ಒಳ್ಳೆಯದೋ, 6.5 ಕ್ರೀಡ್‌ಮೂರೋ? ಈ ದೂರಕ್ಕೆ .223 ಸಾಲದು ಅನ್ನುತ್ತಾರೆ, ನಿಜವೇ?

ಇದಕ್ಕೆ ಉತ್ತರ ಬರೆದು ಬರೆದು ಸಾಕಾಗಿದೆ. ಕೇಳುವವರೆಲ್ಲ ತೋಟಾದ ಹೆಸರು ಹೇಳುತ್ತಾರೆ. ತಿಂಗಳಿಗೆ ಎಷ್ಟು ಗುಂಡು ಹಾರಿಸುತ್ತೀರಿ, ಬ್ಯಾರೆಲಿನ ಟ್ವಿಸ್ಟ್ (ಎಷ್ಟು ಇಂಚಿಗೆ ಗುಂಡನ್ನು ಒಂದು ಸುತ್ತು ತಿರುಗಿಸುತ್ತದೆ) ಎಷ್ಟು, ಯಾವ ವರ್ಗದಲ್ಲಿ ಸ್ಪರ್ಧಿಸುತ್ತೀರಿ ಎಂಬುದನ್ನು ಮಾತ್ರ ಯಾರೂ ಬರೆಯುವುದಿಲ್ಲ. ನನಗೆ ಬೇಕಾದದ್ದು ಆ ಮೂರೇ.

ಮೊದಲು ಆ 'ಸಾಲದು' ಎಂಬ ಮಾತು. ಕಾಗದದಲ್ಲಿ ತೂತು ಬೀಳಬೇಕು, ಅಷ್ಟೇ ತಾನೇ? ಕಾಗದವೇನು ಕಾಡುಕೋಣವೇ? 12 ಇಂಚಿಗೆ ಒಂದು ಸುತ್ತಿನ ಹಳೆಯ ಬ್ಯಾರೆಲಿನಲ್ಲಿ 55 ಗ್ರೇನಿನ (ಗ್ರೇನು ತೂಕದ ಅಳತೆ, ಹದಿನೈದು ಸೇರಿದರೆ ಸುಮಾರು ಒಂದು ಗ್ರಾಂ) ಹಗುರ ಗುಂಡು ಹಾರಿಸಿದವರು ಹಬ್ಬಿಸಿದ ಅಪವಾದ ಅದು. 8 ಅಥವಾ 7 ಇಂಚಿನ ಟ್ವಿಸ್ಟ್ ಇದ್ದರೆ 77, 80 ಗ್ರೇನಿನ ಗುಂಡುಗಳು 600 ಗಜ ದಾಟುವಾಗಲೂ ಶಬ್ದದ ವೇಗಕ್ಕಿಂತ ಮೇಲೇ ಇರುತ್ತವೆ. ಅದೇ 80 ಗ್ರೇನನ್ನು 12ರ ಬ್ಯಾರೆಲಿಗೆ ಹಾಕಿ ನೋಡಿ, ಗುಂಡು ಲಾಗ ಹಾಕುತ್ತ ಹೋಗಿ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಒಂದು ತೊಡಕುಂಟು: 80 ಗ್ರೇನಿನ ತೋಟಾ ಉದ್ದ ಹೆಚ್ಚಾಗಿ ಸಾಮಾನ್ಯ ಮ್ಯಾಗಜಿನ್‌ನಲ್ಲಿ ಕೂರುವುದಿಲ್ಲ, ಒಂದೊಂದಾಗಿ ತುಂಬಬೇಕು. ಗುರಿಹಲಗೆಯ ಮುಂದೆ ನಿಮಗೇನು ಅವಸರ?

ಇನ್ನು ಗಾಳಿ. ಗಂಟೆಗೆ 10 ಮೈಲಿಯ ಅಡ್ಡಗಾಳಿಗೆ .308ರ 175 ಗ್ರೇನಿನ ಗುಂಡು 600 ಗಜದಲ್ಲಿ ಸುಮಾರು 30 ಇಂಚು ಸರಿಯುತ್ತದೆ. .223ರ 80 ಗ್ರೇನೂ ಹೆಚ್ಚುಕಡಿಮೆ ಅಷ್ಟೇ. 6.5 ಕ್ರೀಡ್‌ಮೂರಿನ 140 ಗ್ರೇನು ಸುಮಾರು 22 ಇಂಚು. 'ನೋಡಿದಿರಾ, ಎಂಟು ಇಂಚಿನ ಲಾಭ!' ಎಂದು ಕುಣಿಯುವವರು ಇಲ್ಲೇ ಎಡವುವುದು. ಎಫ್-ಕ್ಲಾಸ್ (ರೈಫಲನ್ನು ಆಸರೆಯ ಮೇಲಿಟ್ಟು ಮಲಗಿ ಹಾರಿಸುವ ದೂರಗುರಿ ಸ್ಪರ್ಧೆ) ಗುರಿಹಲಗೆಯಲ್ಲಿ ಈ ದೂರಕ್ಕೆ ಹತ್ತು ಅಂಕದ ವೃತ್ತದ ಅಗಲ 6 ಇಂಚು, ಅಂದರೆ ನಡುವಿನಿಂದ ಅಂಚಿಗೆ ಮೂರೇ ಇಂಚು. ಗಾಳಿಯನ್ನು ನೀವು 3 ಮೈಲಿಯಷ್ಟು ತಪ್ಪಾಗಿ ಓದಿದರೆ .308 ಒಂಬತ್ತು ಇಂಚು ತಪ್ಪುತ್ತದೆ, 6.5 ಆರೂವರೆ. ಎರಡೂ ಹೊರಗೇ! ತಪ್ಪು ಒಂದು ಮೈಲಿಯೊಳಗೆ ಇಳಿದಾಗ ಮಾತ್ರ .308 ಗೆರೆಯ ಮೇಲೆ ತೂಗಾಡುತ್ತದೆ, 6.5 ಒಳಗೆ ಉಳಿಯುತ್ತದೆ. ಹುಲ್ಲಿನ ಬಾಗು, ಬಿಸಿಲಝಳದ ಓಟ, ಬಾವುಟದ ಕೋನ ನೋಡಿ ಒಂದು ಮೈಲಿಯೊಳಗೆ ಹೇಳಬಲ್ಲಿರಾ? ಹಾಗಾದರೆ 6.5 ಕೊಳ್ಳಿ. ಇಲ್ಲವಾದರೆ ಆ ಓದು ಬರುವಷ್ಟು ಗುಂಡು ಹಾರಿಸಲು ಅಗ್ಗವಾದ, ಭುಜಕ್ಕೆ ಒದೆಯದ ತೋಟಾ ಬೇಕು. ಅದು .223.

ಒದೆತದ ಮಾತನ್ನು ಹಗುರವಾಗಿ ಆಡುತ್ತಿಲ್ಲ. ನಾನು .308ರಲ್ಲೇ ಶುರುಮಾಡಿ, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚುವ ಚಟ ಅಂಟಿಸಿಕೊಂಡೆ. ಬಿಡಿಸಿಕೊಳ್ಳಲು ಎರಡು ವರ್ಷ ಒದೆತವೇ ಇಲ್ಲದಂಥ ಪುಟ್ಟ .22 ಹಿಡಿಯಬೇಕಾಯಿತು. ಒಂದೇ ತೂಕದ ರೈಫಲಿನಲ್ಲಿ .308ರ ಒದೆತ .223ರ ಮೂರು-ನಾಲ್ಕು ಪಟ್ಟು. ಬ್ಯಾರೆಲ್ ಮಾತ್ರ .308ರದ್ದೇ ಗಟ್ಟಿ: ನಾಲ್ಕೈದು ಸಾವಿರ ಗುಂಡಿನವರೆಗೂ ಬಾಳುತ್ತದೆ, 6.5ರದ್ದು ಎರಡು-ಮೂರು ಸಾವಿರಕ್ಕೆ ಸುಸ್ತಾಗುತ್ತದೆ. ಎಫ್-ಕ್ಲಾಸಿನ ಎಫ್-ಟಿಆರ್ ವರ್ಗದಲ್ಲಿ .223 ಮತ್ತು .308 ಎರಡಕ್ಕೇ ಪ್ರವೇಶ ಎಂಬುದನ್ನೂ ಕೊಳ್ಳುವ ಮುಂಚೆ ನೆನಪಿಡಿ. 6.5 ಕೊಂಡು ಆಮೇಲೆ ಓಪನ್ ವರ್ಗಕ್ಕೆ ಸರಿದು ಗೊಣಗುವವರನ್ನು ಬೇಕಾದಷ್ಟು ಕಂಡಿದ್ದೇನೆ. ತೋಟಾಕ್ಕೆ ಪೌಡರ್, ಗುಂಡು ಕೈಯಾರೆ ತುಂಬಿ ತಯಾರಿಸಿಕೊಳ್ಳುವವರಿಗೆ 6 ಬಿಆರ್ ಎಂಬ ಗಿಡ್ಡ ತೋಟಾ ಇದೆ. ಈ ದೂರಕ್ಕೆ ನನ್ನ ಮೆಚ್ಚಿನದು ಅದೇ, ಆದರೆ ಮೊದಲ ರೈಫಲಿಗೆ ಬೇಡ.

ಪ್ರಶ್ನೆ: .300 ವಿಂಚೆಸ್ಟರ್ ಮ್ಯಾಗ್ನಮ್ ಹೇಗೆ?

600 ಗಜಕ್ಕೆ? ಸೊಳ್ಳೆಗೆ ಒನಕೆ.

ಪ್ರಶ್ನೆ: ಗುಂಡು ನಳಿಗೆ ಬಿಟ್ಟ ಮೇಲೆ ಸ್ವಲ್ಪ ದೂರ ತಾನಾಗಿ ಮೇಲೇರುತ್ತದಂತೆ?

ಗುಂಡಿಗೆ ರೆಕ್ಕೆಯಿಲ್ಲ. ನಳಿಗೆಯನ್ನೇ ದೃಷ್ಟಿರೇಖೆಗೆ ತುಸು ಮೇಲ್ಮುಖವಾಗಿ ಕೂರಿಸಿರುತ್ತಾರೆ.

ಪ್ರಶ್ನೆ: ನನ್ನ ರೈಫಲ್ 100 ಗಜದಲ್ಲಿ ಮೂರು ಗುಂಡನ್ನು ಅರ್ಧ ಇಂಚಿನೊಳಗೆ ಇಟ್ಟಿದೆ. 600ಕ್ಕೆ ಸಿದ್ಧವೇ?

ಹತ್ತು ಹಾರಿಸಿ, ಆಮೇಲೆ ಬರೆಯಿರಿ.

ಪ್ರಶ್ನೆ: ನಿಮ್ಮ ತೋಟಾಕ್ಕೆ ಎಷ್ಟು ಗ್ರೇನ್ ಪೌಡರ್ ಹಾಕುತ್ತೀರಿ, ಅಳತೆ ತಿಳಿಸುವಿರಾ?

ಇಲ್ಲ. ಗುಂಡು, ಪ್ರೈಮರ್ (ಕಿಡಿ ಹೊತ್ತಿಸುವ ಬಿಲ್ಲೆ), ಕೇಸು (ತೋಟಾದ ಹಿತ್ತಾಳೆ ಕವಚ) ಯಾವುದೊಂದು ಬದಲಾದರೂ ಒತ್ತಡ ಬದಲಾಗುತ್ತದೆ. ನನ್ನ ಬ್ಯಾರೆಲಿಗೆ ಹೊಂದಿದ ಅಳತೆ ನಿಮ್ಮ ಬ್ಯಾರೆಲಿನ ಹಿಂಬದಿ ಮುಚ್ಚುವ ಬೋಲ್ಟನ್ನು ಮುಖಕ್ಕೆ ತರಬಹುದು. 'ಗುಟ್ಟಿನ ಅಳತೆ' ಹಂಚುವ ಪಂಡಿತರಿಂದ ದೂರವಿರಿ. ಪೌಡರ್ ತಯಾರಕರ ಕೈಪಿಡಿ ತೆರೆದು, ಅದರಲ್ಲಿರುವ ಕನಿಷ್ಠ ಅಳತೆಯಿಂದ ಶುರುಮಾಡಿ.

ಪ್ರಶ್ನೆ: ಬ್ಯಾರೆಲ್ ಮೇಲೆ .223 ಎಂದಷ್ಟೇ ಕೆತ್ತಿದೆ. ಸೇನೆಯ 5.56 ತೋಟಾವೂ ಸಲೀಸಾಗಿ ಕೂರುತ್ತದೆ. ಹಾರಿಸಬಹುದೇ?

ಕೂರುತ್ತದೆ, ಅದೇ ಅಪಾಯ: ಕೂತ ಮೇಲೆ ಅದರ ಒತ್ತಡ .223 ಬ್ಯಾರೆಲಿನ ಮಿತಿ ಮೀರಬಹುದು. ಹಾರಿಸಬೇಡಿ.