2 ಲೀಟರ್ ಟರ್ಬೊ ಪೆಟ್ರೋಲ್ ಕಾರಿಗೆ ಮೊದಲು ಇಂಟರ್‌ಕೂಲರೋ, ಎಕ್ಸಾಸ್ಟೋ?

ಡೈನೊ (ಎಂಜಿನ್ ಪವರ್ ಅಳೆಯುವ ಯಂತ್ರ) ಮೇಲೆ ಬೆನ್ನುಬೆನ್ನಿಗೆ ಮೂರು ಸಲ ಪೂರ್ತಿ ಥ್ರಾಟಲ್ ಕೊಟ್ಟು, ಒಬಿಡಿ ಸ್ಕ್ಯಾನರ್‌ನಲ್ಲಿ (ಕಾರಿನ ಕಂಪ್ಯೂಟರ್ ಮಾಹಿತಿ ಓದುವ ಸಾಧನ) ಇನ್‌ಟೇಕ್ ಗಾಳಿಯ ಉಷ್ಣತೆ ನೋಡಿ. ಹೊರಗಿನ ಗಾಳಿಗಿಂತ 25–30 ಡಿಗ್ರಿ ಮೇಲೇರಿದರೆ ಇಂಟರ್‌ಕೂಲರ್‌ಗೇ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಮೊದಲು ದುಡ್ಡು ಹಾಕಿ. ಗಾಳಿ ಬಿಸಿಯಾದಷ್ಟೂ ನಾಕಿಂಗ್ (ಸಿಲಿಂಡರ್‌ನಲ್ಲಿ ಇಂಧನ ತಾನಾಗಿಯೇ ಹೊತ್ತಿಕೊಳ್ಳುವುದು) ಹೆಚ್ಚು. ಆಗ ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ತಡಮಾಡುತ್ತದೆ, ಪವರ್ ಬೀಳುತ್ತದೆ. ಆದರೆ ಸಿಕ್ಕ ದೊಡ್ಡ ಇಂಟರ್‌ಕೂಲರ್ ಕೋರ್ ತರಬೇಡಿ: ಅದರೊಳಗೆ ಗಾಳಿಯ ಒತ್ತಡ ನಷ್ಟ 0.1 ಬಾರ್ ಒಳಗಿರಲಿ, ರೇಡಿಯೇಟರ್‌ಗೆ ಗಾಳಿ ತಪ್ಪದಿರಲಿ. ಹೋಸ್‌ಗಳಿಗೆ ಟಿ-ಬೋಲ್ಟ್ ಕ್ಲ್ಯಾಂಪ್ ಹಾಕಿ, ಸೋರಿಕೆ ಪತ್ತೆಗೆ ಸ್ಮೋಕ್ ಟೆಸ್ಟ್ ಮಾಡಿಸಿ.

ಎಕ್ಸಾಸ್ಟ್‌ನಲ್ಲಿ ನಿಜವಾದ ಲಾಭ ಇರುವುದು ಡೌನ್‌ಪೈಪ್‌ನಲ್ಲಿ (ಟರ್ಬೊದಿಂದ ನೇರ ಹೊರಡುವ ಎಕ್ಸಾಸ್ಟ್ ಪೈಪ್). ಹಿಂದಿನ ಮಫ್ಲರ್ ಬದಲಿಸಿದರೆ ಹೆಚ್ಚುವುದು ಬಹುತೇಕ ಸದ್ದು. 3 ಇಂಚಿನ ಪೈಪ್, 200 ಸೆಲ್‌ನ (ಚದರ ಇಂಚಿಗೆ 200 ರಂಧ್ರಗಳ) ಹೈ-ಫ್ಲೋ ಕ್ಯಾಟ್ (ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್) ಸಾಕು. ಕ್ಯಾಟ್ ಪೂರ್ತಿ ಕಿತ್ತು ರಸ್ತೆಗಿಳಿಯುವುದು ಕಾನೂನುಬಾಹಿರ. ಇಸಿಯು ಟ್ಯೂನ್ ಮಾಡಿಸದೆ ಹೈ-ಫ್ಲೋ ಕ್ಯಾಟ್ ಹಾಕಿದರೆ ಪಿ0420 ಕೋಡ್ (ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಎಚ್ಚರಿಕೆ) ಬರಬಹುದು. ವೇಸ್ಟ್‌ಗೇಟ್ (ಹೆಚ್ಚಾದ ಎಕ್ಸಾಸ್ಟ್ ಅನಿಲವನ್ನು ಟರ್ಬೈನ್ ತಪ್ಪಿಸಿ ಹೊರಬಿಡುವ ಕವಾಟ) ಚಿಕ್ಕದಿದ್ದರೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಮಿತಿ ಮೀರೀತು.