ಪಾಸ್‌ಪೋರ್ಟ್ ಕಳೆದವರನ್ನು ಬೈದದ್ದು ಸಾಕು

ಓದುಗರೊಬ್ಬರ ಪತ್ರ: "ಹದಿನಾಲ್ಕು ವರ್ಷಗಳಿಂದ ಹೊರದೇಶದಲ್ಲಿ ನೆಲೆಸಿದ್ದೇನೆ. ಕಚೇರಿ ಕೆಲಸಕ್ಕೆಂದು ಇನ್ನೊಂದು ದೇಶಕ್ಕೆ ಹೋಗಿದ್ದೆ. ವಾಪಸ್ ಹೊರಟಾಗ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕೌಂಟರಿಗೂ ಬೋರ್ಡಿಂಗ್ ಗೇಟಿಗೂ ನಡುವೆ ಎಲ್ಲೋ ಪಾಸ್‌ಪೋರ್ಟ್ ಕಳೆದುಹೋಯಿತು. ವಿಮಾನ ತಪ್ಪಿತು. ರಾಯಭಾರ ಕಚೇರಿಗೆ ರಜೆ. ಕೊನೆಗೆ ಸಿಕ್ಕ ತುರ್ತು ಪ್ರಯಾಣ ಪತ್ರದಲ್ಲಿ ನನ್ನ ಪೌರತ್ವದ ದೇಶಕ್ಕೆ ಮಾತ್ರ ಹೋಗಬಹುದಿತ್ತು. ಹೆಂಡತಿ, ಮಕ್ಕಳು, ಕೆಲಸ ಎಲ್ಲ ಇರುವುದು ಬೇರೆ ಕಡೆ. ಹೊಸ ಪಾಸ್‌ಪೋರ್ಟ್, ಹೊಸ ವೀಸಾ ಮಾಡಿಸಿ ಮನೆ ಸೇರಲು ಎರಡು ತಿಂಗಳು ಹಿಡಿಯಿತು. ತಪ್ಪು ಪೂರಾ ನನ್ನದೇ. ನಿಯಮ ಎಂದ ಮೇಲೆ ನಿಯಮ. ಪಾಸ್‌ಪೋರ್ಟ್ ಜೋಪಾನ ಮಾಡುವ ಬಗ್ಗೆ ಒಂದು ಲೇಖನ ಹಾಕಿ. ನನ್ನಂಥ ಬೇಜವಾಬ್ದಾರಿ ಜನಕ್ಕೆ ಬುದ್ಧಿ ಬರಲಿ."

ಸಂಪಾದಕರ ಉತ್ತರ:

ಹೆಸರು, ದೇಶ ಹಾಕಬೇಡಿ ಎಂದಿದ್ದಿರಿ, ಹಾಕಿಲ್ಲ. ಪತ್ರ ಓದಿದಾಗ ಮೊದಲು ಅನ್ನಿಸಿದ್ದು, ಇವರನ್ನು ಯಾರೋ ಚೆನ್ನಾಗಿ ಬೈದಿದ್ದಾರೆ ಅಂತ. ಅದೂ ಒಂದು ಕಡೆಯಲ್ಲ, ಐದಾರು ಕೌಂಟರುಗಳಲ್ಲಿ. ಬೈಗುಳ ಕೇಳಿ ಕೇಳಿ ಅದೇ ನಿಜ ಎಂದು ನೀವೂ ನಂಬಿಬಿಟ್ಟಿದ್ದೀರಿ. ಇಷ್ಟು ಚೆನ್ನಾಗಿ ಬರೆಯಬಲ್ಲವರು ತಮ್ಮ ಪರವಾಗಿ ಒಂದು ಸಾಲನ್ನೂ ಬರೆದುಕೊಳ್ಳಲಿಲ್ಲ ಎಂಬುದೇ ನನಗೆ ಬೇಜಾರು. ನೀವು ಕೇಳಿದ ಲೇಖನ ನಾನು ಹಾಕುವುದಿಲ್ಲ. ಜೋಪಾನದ ಉಪದೇಶ ವಿಮಾನ ನಿಲ್ದಾಣದ ಗೋಡೆಗಳ ಮೇಲೆಯೇ ಬೇಕಾದಷ್ಟಿದೆ.

ನಿಯಮದ ಪರವಾಗಿ ಹೇಳಬೇಕಾದದ್ದನ್ನು ಮೊದಲು ಹೇಳಿ ಮುಗಿಸುತ್ತೇನೆ. ಗೇಟಿನಲ್ಲಿದ್ದ ಹುಡುಗಿ ನಿಮ್ಮನ್ನು ಬಿಡದೇ ಇದ್ದದ್ದು ಕಲ್ಲು ಮನಸ್ಸಿನಿಂದಲ್ಲ. ದಾಖಲೆ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೇ ದಂಡ ಬೀಳುತ್ತದೆ. ಬ್ರಿಟನ್ 1987ರಲ್ಲೇ ಇದಕ್ಕೆಂದು ಒಂದು ಕಾನೂನು ಮಾಡಿತು, ಬೇರೆ ದೇಶಗಳಲ್ಲೂ ಇಂಥವು ಇವೆ. ಅಂದರೆ ಗಡಿ ಕಾಯುವ ಕೆಲಸ ಟಿಕೆಟ್ ನೋಡುವವರ ತಲೆಗೆ ಬಂದಿದೆ. ಆ ಹುಡುಗಿ ಹೆದರಿದ್ದರಲ್ಲಿ ತಪ್ಪಿಲ್ಲ. ಕಳೆದ ಪಾಸ್‌ಪೋರ್ಟ್ ಕಳ್ಳರ ಕೈ ಸೇರಬಹುದು ಎಂಬುದೂ ನಿಜವೇ. ಇಷ್ಟು ಒಪ್ಪುತ್ತೇನೆ.

ಆದರೆ ಅದೇ ನಿಯಮದ ಇನ್ನೊಂದು ಮುಖ ನೋಡಿ. ಕಳೆದ ಮತ್ತು ಕಳುವಾದ ಪಾಸ್‌ಪೋರ್ಟ್‌ಗಳ ಪಟ್ಟಿಯೊಂದನ್ನು ಇಂಟರ್‌ಪೋಲ್ 2002ರಲ್ಲಿ ಶುರುಮಾಡಿತು. ಈಗ ಅದರಲ್ಲಿ 10 ಕೋಟಿಗೂ ಹೆಚ್ಚು ದಾಖಲೆಗಳಿವೆ. 2014ರ ಮಾರ್ಚ್‌ನಲ್ಲಿ ಕಾಣೆಯಾದ ಮಲೇಷ್ಯಾದ ಎಂಎಚ್ 370 ವಿಮಾನಕ್ಕೆ ಇಬ್ಬರು ಬೇರೆಯವರ ಪಾಸ್‌ಪೋರ್ಟ್ ತೋರಿಸಿ ಹತ್ತಿದ್ದರು. ಒಂದು ಆಸ್ಟ್ರಿಯಾದವರದು, ಇನ್ನೊಂದು ಇಟಲಿಯವರದು. ಎರಡೂ ಥಾಯ್ಲೆಂಡ್‌ನಲ್ಲಿ ಕಳುವಾಗಿದ್ದವು, ಎರಡೂ ಆ ಪಟ್ಟಿಯಲ್ಲಿದ್ದವು. ಕೌಂಟರಿನಲ್ಲಿ ಯಾರೂ ಪಟ್ಟಿ ನೋಡಲಿಲ್ಲ. ಪಾಪ, ಆ ಇಬ್ಬರು ಯುರೋಪಿನಲ್ಲಿ ಆಶ್ರಯ ಕೇಳಲು ಹೊರಟಿದ್ದವರು ಎಂದು ಆಮೇಲೆ ಗೊತ್ತಾಯಿತು. ನಾನು ಹೇಳುವುದಿಷ್ಟೇ. ಕೈಯಲ್ಲಿ ಪುಸ್ತಕ ಇದ್ದರೆ ಅದು ಯಾರದ್ದಾದರೂ ನಡೆಯಿತು. ಕೈಯಲ್ಲಿ ಇಲ್ಲದಿದ್ದರೆ ನೀವು ನೀವೇ ಆಗಿದ್ದರೂ ನಡೆಯಲಿಲ್ಲ.

ನೀವು ಯಾರೆಂದು ಅವರಿಗೆ ಗೊತ್ತಿರಲಿಲ್ಲವೇ? ನಿಮ್ಮ ಬೆರಳಚ್ಚು, ಮುಖದ ಚಿತ್ರ, ಹುಟ್ಟಿದ ದಿನ ಎಲ್ಲ ನೀವು ನೆಲೆಸಿರುವ ದೇಶದ ಕಂಪ್ಯೂಟರಿನಲ್ಲಿ ಇವೆ. ಪಾಸ್‌ಪೋರ್ಟ್ ಕೊಟ್ಟ ದೇಶದ ಹತ್ತಿರವೂ ಇವೆ. ಒಂದು ಗಂಟೆ ಮುಂಚೆ ಇಮಿಗ್ರೇಶನ್‌ನಲ್ಲಿ ಕ್ಯಾಮೆರಾ ನಿಮ್ಮನ್ನು ನೋಡಿ ಸರಿ ಎಂದಿತ್ತು. ಆದರೂ "ನೀವು ಯಾರು, ಸಾಬೀತು ಮಾಡಿ" ಎಂದು ನಿಮ್ಮನ್ನೇ ಕೇಳಿದರು. ನೆನಪಿಟ್ಟುಕೊಳ್ಳುವ ಕೆಲಸ ಅವರದು, ಮರೆತದ್ದರ ಶಿಕ್ಷೆ ನಿಮಗೆ. ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ 2024ರಿಂದ ಅಲ್ಲಿನ ನಿವಾಸಿಗಳು ಪಾಸ್‌ಪೋರ್ಟ್ ತೆಗೆಯದೆ, ಬರೀ ಮುಖ ಮತ್ತು ಕಣ್ಣು ತೋರಿಸಿ ಗಡಿ ದಾಟುತ್ತಾರೆ. ತಮಾಷೆ ಏನೆಂದರೆ, ಯಾರೂ ಕೇಳದ ಆ ಪುಸ್ತಕವನ್ನು ಜೇಬಿನಲ್ಲಿ ಹೊತ್ತುಕೊಂಡಂತೂ ಹೋಗಬೇಕು!

ನನ್ನ ಪರಿಚಯದ ಒಬ್ಬರ ಪಾಸ್‌ಪೋರ್ಟ್ ಭದ್ರತಾ ತಪಾಸಣೆಯ ಟ್ರೇನಲ್ಲಿ ಉಳಿದುಬಿಟ್ಟಿತ್ತು. ಅದೃಷ್ಟಕ್ಕೆ ಅದೇ ದಿನ ಸಿಕ್ಕಿತು. ಕಳೆದ ವಸ್ತುಗಳ ಕಚೇರಿಗೆ ಓಡಿದರು. ಅಲ್ಲಿಯ ಗುಮಾಸ್ತ ಪುಸ್ತಕವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಫೋಟೊ ನೋಡಿದ, ಇವರ ಮುಖ ನೋಡಿದ. "ಕೊಡಬಹುದು, ಗುರುತಿನ ಚೀಟಿ ತೋರಿಸಿ" ಎಂದ. "ನಿಮ್ಮ ಕೈಯಲ್ಲಿರೋದೇ ನನ್ನ ಗುರುತಿನ ಚೀಟಿ" ಅಂದರು ಇವರು. "ಇದು ಕಳೆದ ವಸ್ತು. ಇದನ್ನು ಗುರುತಿಗೆ ತಗೊಳ್ಳೋಕೆ ಬರಲ್ಲ" ಎಂದ ಅವನು. ಮೇಲಧಿಕಾರಿ ಊಟ ಮುಗಿಸಿ ಬಂದು ನಕ್ಕಿದ್ದರಿಂದ ಇವರು ಬಚಾವಾದರು. ಆ ಮನುಷ್ಯನಿಗೆ ನಗು ಬಾರದೇ ಇದ್ದಿದ್ದರೆ?

ನಗು ಬಾರದೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಮೆಹ್ರಾನ್ ಕರೀಮಿ ನಾಸೇರಿ ಸಾಕ್ಷಿ. ಇರಾನ್ ಮೂಲದವರು. ನಿರಾಶ್ರಿತರೆಂಬ ದಾಖಲೆಗಳು ಕಳುವಾದವು ಎಂದು ಅವರು ಹೇಳಿದರು. ಲಂಡನ್‌ನವರು ಒಳಗೆ ಬಿಡದೆ ಪ್ಯಾರಿಸಿಗೆ ವಾಪಸ್ ಕಳಿಸಿದರು. 1988ರಲ್ಲಿ ಷಾರ್ಲ್ ದ ಗಾಲ್ ನಿಲ್ದಾಣದ ಒಂದನೇ ಟರ್ಮಿನಲ್ಲಿನ ಬೆಂಚಿನ ಮೇಲೆ ಕೂತವರು ಅಲ್ಲಿಂದ ಎದ್ದದ್ದು 2006ರಲ್ಲಿ, ಆಸ್ಪತ್ರೆಗೆ ಸೇರಿಸಿದಾಗ. 1999ರ ಹೊತ್ತಿಗೆ ಕಾಗದಗಳು ಬಂದಿದ್ದವು. ಅಷ್ಟರಲ್ಲಿ ಸಹಿ ಹಾಕುವ ಮನಸ್ಸೇ ಅವರಲ್ಲಿ ಉಳಿದಿರಲಿಲ್ಲ. 2022ರಲ್ಲಿ ಅದೇ ನಿಲ್ದಾಣದಲ್ಲಿ ತೀರಿಕೊಂಡರು. ನಿಮ್ಮ ಎರಡು ತಿಂಗಳನ್ನು ಇದರ ಮುಂದೆ ಚಿಕ್ಕದು ಮಾಡಲು ಇದನ್ನು ಹೇಳುತ್ತಿಲ್ಲ. ಕಾಗದ ಕಳೆದರೆ ಮನುಷ್ಯನೂ ಕಳೆದ ಎಂದು ಲೆಕ್ಕ ಹಾಕುವ ಯಂತ್ರ ಎರಡೂ ಕಡೆ ಒಂದೇ.

ಇನ್ನು ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು. ತುರ್ತು ಪ್ರಯಾಣ ಪತ್ರ ಪೌರತ್ವದ ದೇಶಕ್ಕೆ ಮಾತ್ರ ಎಂದು ಬರೆದಿದ್ದೀರಿ. ಪ್ರವಾಸಕ್ಕೆ ಬಂದವನಿಗೆ ಇದು ಸರಿಯೇ. ಅವನ ಮನೆ, ಪೌರತ್ವ ಎರಡೂ ಒಂದೇ ಕಡೆ ಇರುತ್ತವೆ. ಪರದೇಶದಲ್ಲಿ ಬದುಕು ಕಟ್ಟಿಕೊಂಡವನ ಕಥೆ ಹಾಗಲ್ಲ. ಅವನನ್ನು "ಮನೆಗೆ" ಕಳಿಸುತ್ತೇವೆ ಎಂದು ಮನೆಯಿಂದಲೇ ದೂರ ಮಾಡುತ್ತಾರೆ. ಮಕ್ಕಳ ಶಾಲೆ, ಬಾಡಿಗೆ, ಕೆಲಸದ ಪರವಾನಗಿ ಯಾವುದೂ ಆ ಚೀಟಿಯ ಲೆಕ್ಕಕ್ಕೆ ಬರುವುದಿಲ್ಲ. ವೀಸಾ ಹಳೇ ಪುಸ್ತಕದೊಳಗೆ ಅಂಟಿಕೊಂಡಿದ್ದರೆ ಅದೂ ಹೋಯಿತು. ಅಮೆರಿಕದ ವೀಸಾ ಇದ್ದ ಪಾಸ್‌ಪೋರ್ಟ್ ಹೊರಗೆಲ್ಲೋ ಕಳೆದರೆ ಆ ವೀಸಾಕ್ಕೆ ಮತ್ತೆ ಮೊದಲಿಂದ ಅರ್ಜಿ ಹಾಕಬೇಕು. ಬದುಕಿನ ಎಲ್ಲ ಬಾಗಿಲಿಗೂ ಒಂದೇ ಕೀಲಿ ಮಾಡಿ, ಅದನ್ನು ಹತ್ತು ಜನರ ಕೈಗೆ ಕೊಟ್ಟು ಕೊಟ್ಟು ಇಸಕೊಳ್ಳಿ ಎಂದು ಹೇಳಿ, ಕೊನೆಗೆ ಕಳೆದದ್ದು ಯಾಕೆ ಎಂದು ಕೇಳುವುದು ಯಾವ ನ್ಯಾಯ?

ಬೇರೆ ದಾರಿಯೇ ಇಲ್ಲ ಅಂತೀರಾ? ಇದೆ. ಯುರೋಪಿಯನ್ ಒಕ್ಕೂಟ 2019ರ ನಿರ್ದೇಶನದಲ್ಲಿ ತನ್ನ ತುರ್ತು ಪ್ರಯಾಣ ಪತ್ರದ ನಿಯಮ ಬರೆಯಿತು. ಒಕ್ಕೂಟದ ಪ್ರಜೆ ತನ್ನ ಪೌರತ್ವದ ದೇಶಕ್ಕಾದರೂ ಕೇಳಬಹುದು, ಒಕ್ಕೂಟದೊಳಗೆ ತಾನು ನೆಲೆಸಿರುವ ದೇಶಕ್ಕಾದರೂ ಕೇಳಬಹುದು. ಆಯ್ಕೆ ಅವನದು. ತನ್ನ ದೇಶದ ರಾಯಭಾರ ಕಚೇರಿ ಅಲ್ಲಿ ಇಲ್ಲದಿದ್ದರೆ ಒಕ್ಕೂಟದ ಇನ್ನೊಂದು ದೇಶದ ಕಚೇರಿ ಬರೆದುಕೊಡುತ್ತದೆ. ಬ್ರಿಟನ್‌ನ ತುರ್ತು ಪತ್ರದಲ್ಲಿ ಐದು ದೇಶಗಳವರೆಗೆ ಹಾದುಹೋಗಬಹುದು. ಭಾರತದ ತುರ್ತು ಪ್ರಮಾಣಪತ್ರ ಮಾತ್ರ ಭಾರತಕ್ಕೆ ಒಂದೇ ದಾರಿಯದು. ಅಲ್ಲಿಂದಾಚೆ ನಿಮ್ಮ ಹಣೆಬರಹ.

ಇದು ಹೊಸ ಜಗಳವೇನೂ ಅಲ್ಲ. 1921ರಲ್ಲಿ ಸೋವಿಯತ್ ಸರ್ಕಾರ ದೇಶ ಬಿಟ್ಟು ಹೋದ ಲಕ್ಷಾಂತರ ಜನರ ಪೌರತ್ವ ಕಿತ್ತುಕೊಂಡಿತು. ಅವರಿಗಾಗಿ ಒಂದು ಪ್ರಯಾಣ ಪತ್ರ ತಂದವರು ನಾರ್ವೆಯ ಫ್ರಿಡ್ಟ್‌ಯೋಫ್ ನಾನ್ಸೆನ್. ಗ್ರೀನ್‌ಲ್ಯಾಂಡಿನ ಹಿಮವನ್ನು ಸ್ಕೀ ಮೇಲೆ ದಾಟಿದ್ದ ಸಾಹಸಿ. ಹಿಮ ದಾಟಿದವನಿಗೆ ಗುಮಾಸ್ತರು ದೊಡ್ಡದಾಗಿ ಕಾಣಲಿಲ್ಲವೋ ಏನೋ! 1922ರಲ್ಲಿ ನಾನ್ಸೆನ್ ಪಾಸ್‌ಪೋರ್ಟ್ ಬಂತು. ಅದೇ ವರ್ಷ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು. ಸಂಗೀತಗಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್ ಅದನ್ನೇ ಹಿಡಿದು ಓಡಾಡಿದವರು. ಸುಮಾರು ನಾಲ್ಕೂವರೆ ಲಕ್ಷ ಜನ ಅದನ್ನು ಪಡೆದರು. ಆದರೆ ಮೊದಲಿಗೆ ಅದರಲ್ಲೂ ಇದೇ ಕುಂದು ಇತ್ತು. ಹೊರಗೆ ಹೋಗಬಹುದು, ಪತ್ರ ಕೊಟ್ಟ ದೇಶಕ್ಕೇ ವಾಪಸ್ ಬರುವ ಹಕ್ಕಿಲ್ಲ. ಬರೀ ಹೋಗುವ ಪತ್ರದಿಂದ ಉಪಯೋಗವಿಲ್ಲ ಎಂದು ಕಂಡು 1926ರಲ್ಲಿ ಅದನ್ನು ತಿದ್ದಿದರು. 1951ರ ನಿರಾಶ್ರಿತರ ಒಪ್ಪಂದವಂತೂ ವಾಪಸ್ ಬರುವ ಹಕ್ಕನ್ನು ಸೇರಿಸಿಯೇ ಬರೆಯಿತು. ನೂರು ವರ್ಷದ ಹಿಂದೆಯೇ ಅರ್ಥವಾದ ಈ ಮಾತು ನಿಮ್ಮ ಕೌಂಟರಿನವರೆಗೆ ಇನ್ನೂ ತಲುಪಿಲ್ಲ.

ಅಂದಹಾಗೆ, ಈ ಪುಸ್ತಕ ಶಾಶ್ವತವಾಗಿ ಇರಬೇಕು ಎಂದು ಯಾರೂ ಅಂದುಕೊಂಡಿರಲಿಲ್ಲ. ಒಂದನೇ ಮಹಾಯುದ್ಧಕ್ಕೆ ಮುಂಚೆ ಯುರೋಪಿನ ಬಹುಪಾಲು ಕಡೆ ಪಾಸ್‌ಪೋರ್ಟ್ ಇಲ್ಲದೆ ಓಡಾಡಬಹುದಿತ್ತು. 1920ರಲ್ಲಿ ಪ್ಯಾರಿಸ್‌ನಲ್ಲಿ ಸಮ್ಮೇಳನ ಮಾಡಿ 32 ಪುಟದ ಪುಸ್ತಕದ ಮಾದರಿ ಗೊತ್ತುಮಾಡಿದವರೇ, ಸದ್ಯಕ್ಕೆ ಇದು ಬೇಕು, ಬೇಗ ಹಳೆಯ ಸ್ಥಿತಿಗೆ ಮರಳುತ್ತೇವೆಂದು ಆಶಿಸುತ್ತೇವೆ ಎಂದು ಬರೆದಿಟ್ಟರು. ಆ "ಸದ್ಯಕ್ಕೆ" ಇನ್ನೂ ಮುಗಿದಿಲ್ಲ. ಸರ್ಕಾರಗಳು ತಾತ್ಕಾಲಿಕ ಎಂದು ಹೇಳಿದ ಯಾವುದನ್ನೂ ನಾನು ನಂಬದೆ ಇರುವುದಕ್ಕೆ ಇಂಥವೇ ಕಾರಣ. ಕಳೆದುಕೊಂಡವರನ್ನು ಬೈಯುವಾಗ "ನಿಮ್ಮ ಪಾಸ್‌ಪೋರ್ಟ್" ಅಂತಾರೆ. ಆದರೆ ಭಾರತ, ಅಮೆರಿಕ, ಬ್ರಿಟನ್ ಮೂರೂ ದೇಶಗಳ ಕಾನೂನು, ನಿಯಮಗಳ ಪ್ರಕಾರ ಆ ಪುಸ್ತಕ ಸರ್ಕಾರದ ಸ್ವತ್ತು. ಒಡೆತನ ಅವರದು, ಕಾವಲು ನಿಮ್ಮದು. ಚೆನ್ನಾಗಿದೆ ಅಲ್ವಾ?

ಈಗ ನಿಮಗೆ ಸ್ವಲ್ಪ ಗದರಬೇಕು. ಎರಡನೇ ಪುಟದಲ್ಲಿ ಒಂದು ಮಾತು ಬರೆದಿದ್ದೀರಿ: "ನಮ್ಮಲ್ಲಿ ಕೆಲವು ಕಂಪನಿಗಳು ಕೆಲಸಗಾರರ ಪಾಸ್‌ಪೋರ್ಟ್ ತಾವೇ ಇಟ್ಟುಕೊಳ್ಳುತ್ತವೆ. ಮೊದಲು ತಪ್ಪು ಅನ್ನಿಸುತ್ತಿತ್ತು. ಈಗ ಅದೇ ವಾಸಿ ಅನ್ನಿಸುತ್ತಿದೆ." ಸ್ವಾಮಿ, ದಯವಿಟ್ಟು ಈ ಮಾತು ವಾಪಸ್ ತಗೊಳ್ಳಿ. ಬೀರುವಿನಲ್ಲಿ ಭದ್ರವಾಗಿರುವುದು ಪಾಸ್‌ಪೋರ್ಟ್ ಅಲ್ಲ, ಆ ಕೆಲಸಗಾರನೇ. ಸಂಬಳ ಕೊಡದಿದ್ದರೂ ಅವನು ಹೊರಡುವ ಹಾಗಿಲ್ಲ. ಅಮ್ಮ ಸತ್ತರೂ ಮಾಲೀಕನ ಮೂಡ್ ನೋಡಿ ರಜೆ ಕೇಳಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆಯನ್ನು ಗುರುತಿಸುವ 11 ಲಕ್ಷಣ ಹೇಳಿದೆ. ಗುರುತಿನ ದಾಖಲೆ ತೆಗೆದಿಟ್ಟುಕೊಳ್ಳುವುದು ಅದರಲ್ಲಿ ಒಂದು. ಕತಾರ್ 2015ರ ಕಾನೂನಿನಲ್ಲಿ ಇದಕ್ಕೆ 25,000 ರಿಯಾಲ್‌ವರೆಗೆ ದಂಡ ಇಟ್ಟಿತು. ಹೀಗಿದ್ದೂ "ಸುಮ್ನೆ ಸುರಕ್ಷತೆಗೆ" ಎಂದು ಇಸಕೊಳ್ಳುವವರು ಇದ್ದೇ ಇದ್ದಾರೆ. ನಿಮ್ಮಂಥ ಓದಿದವರು ಒಮ್ಮೆ ಬೆಂದು ಬಂದು "ಅದೇ ವಾಸಿ" ಅಂದರೆ ಅವರಿಗೆ ಇನ್ನೇನು ಬೇಕು?

ಬೈಯುವುದು ಜಾಸ್ತಿ ಆಯಿತು. ಕೊನೆಗೆ ನೀವು ಕೇಳಿದ ಒಂದು ಉಪಯೋಗದ ಪ್ರಶ್ನೆಗೆ ಬರುತ್ತೇನೆ. ಕಳೆದ ಪಾಸ್‌ಪೋರ್ಟ್ ಈಗ ಸಿಕ್ಕಿದೆ, ನಿಲ್ದಾಣದವರು ಅಂಚೆಯಲ್ಲಿ ಕಳಿಸಿದ್ದಾರೆ, ಅದರಲ್ಲಿ ಇನ್ನೊಂದು ದೇಶದ ವೀಸಾ ಇನ್ನೂ ಚಾಲ್ತಿಯಲ್ಲಿದೆ, ಬಳಸಬಹುದೇ ಎಂದಿದ್ದೀರಿ. ಬೇಡ. ಕಳೆದಿದೆ ಎಂದು ದೂರು ಕೊಟ್ಟಾಗಲೇ ಅದು ರದ್ದಾಗಿದೆ. ಇಂಟರ್‌ಪೋಲ್ ಪಟ್ಟಿಗೂ ಹೋಗಿರಬಹುದು. ಹಿಡಿದು ಹೊರಟರೆ ನಿಮ್ಮದೇ ಪುಸ್ತಕ ಕದ್ದವರಂತೆ ನಿಲ್ಲಬೇಕಾಗುತ್ತದೆ. ರಾಯಭಾರ ಕಚೇರಿಗೆ ಸಿಕ್ಕಿದೆ ಎಂದು ತಿಳಿಸಿ ಒಪ್ಪಿಸಿ. ಕೊಡುವ ಮುಂಚೆ ಪ್ರತಿ ಪುಟದ ಫೋಟೊ ತೆಗೆದಿಡಿ, ಬಂದು ಹೋದ ಮುದ್ರೆಗಳ ಸಮೇತ. ನಾಳೆ ಕಾಯಂ ವಾಸಕ್ಕೋ ಪೌರತ್ವಕ್ಕೋ ಅರ್ಜಿ ಹಾಕಿದರೆ ಎಷ್ಟು ದಿನ ದೇಶದೊಳಗಿದ್ದಿರಿ ಎಂದು ಕೇಳುತ್ತಾರೆ, ಆಗ ಅವು ಬೇಕಾಗುತ್ತವೆ. ರದ್ದು ಎಂದು ಗುರುತು ಹಾಕಿ ವಾಪಸ್ ಕೊಡಲು ಸಾಧ್ಯವೇ ಎಂದೂ ಕೇಳಿ, ಬಾಯಲ್ಲಲ್ಲ, ಬರವಣಿಗೆಯಲ್ಲಿ. ಆ ವೀಸಾದ ಬಗ್ಗೆ ಅದನ್ನು ಕೊಟ್ಟ ದೇಶದವರನ್ನೇ ಬೇರೆಯಾಗಿ ವಿಚಾರಿಸಿ. ರಾಯಭಾರ ಕಚೇರಿಯವರು ಇಲ್ಲ ಅಂದರೆ ಆ ಉತ್ತರದ ಪ್ರತಿ ನನಗೂ ಕಳಿಸಿ.