ಮೆಟಾಮೆಟೀರಿಯಲ್ ಲೈನ್ ಬಳಸಿ 866 ಮೆಗಾಹರ್ಟ್ಸ್‌ಗೆ ಬೆಂಕಿಪೊಟ್ಟಣದಷ್ಟು ಆಂಟೆನಾ ಮಾಡಲು ಎಷ್ಟು ಯೂನಿಟ್ ಸೆಲ್ ಬೇಕು?

ನಿಮ್ಮ ಪ್ರಾಜೆಕ್ಟ್ ಇದು ತಾನೆ: ಕಾಲುವೆ ನೀರಿನ ಮಟ್ಟ ಕಳಿಸುವ ಸೆನ್ಸರ್, ಎಫ್‌ಆರ್4 (ಸಾಮಾನ್ಯ ಗಾಜುನಾರಿನ ಸರ್ಕ್ಯೂಟ್) ಬೋರ್ಡ್, ಅದರ ಮೇಲೆ ಪುಟ್ಟ ಆಂಟೆನಾ. ರಾಯಚೂರಿನಲ್ಲಿ ಓದುವಾಗ ನನ್ನದೂ ಇದೇ ಪ್ರಾಜೆಕ್ಟ್. ಸಿಂಧನೂರು ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಗದ್ದೆಗಳಿಗೆ.

ಸೆಲ್ ಲೆಕ್ಕ ಮೊದಲು ಮುಗಿಸುತ್ತೇನೆ. ಮೆಟಾಮೆಟೀರಿಯಲ್ ಲೈನ್ ಅಂದರೆ ಒಂದೇ ಬಗೆಯ ಪುಟ್ಟ ತಾಮ್ರದ ವಿನ್ಯಾಸಗಳ ಸಾಲು, ಅದರಲ್ಲಿ ಒಂದೊಂದೂ ಒಂದು ಯೂನಿಟ್ ಸೆಲ್. ತುದಿ ತೆರೆದ ಝೀರೋತ್ ಆರ್ಡರ್ ರೆಸೊನೇಟರ್‌ನಲ್ಲಿ (ಎಲ್ಲ ಸೆಲ್‌ಗಳೂ ಒಂದೇ ತಾಳದಲ್ಲಿ ಕಂಪಿಸುವ ಲೈನಿನಲ್ಲಿ) ಫ್ರೀಕ್ವೆನ್ಸಿ ನಿಂತಿರುವುದು ಶಂಟ್, ಅಂದರೆ ಲೈನಿನಿಂದ ಗ್ರೌಂಡಿಗೆ ಇಳಿಯುವ, ಇಂಡಕ್ಟರ್ ಮತ್ತು ಶಂಟ್ ಕೆಪಾಸಿಟೆನ್ಸ್ ಮೇಲೆ, ಲೈನಿನ ಉದ್ದದ ಮೇಲಲ್ಲ. ಒಂದು ಸೆಲ್ ಇಟ್ಟರೂ ನಾಲ್ಕು ಇಟ್ಟರೂ ಹೆಚ್ಚುಕಡಿಮೆ ಅದೇ ಫ್ರೀಕ್ವೆನ್ಸಿ. ನಾನು ಮರುಳಾಗಿದ್ದೂ ಇದಕ್ಕೇ.

ಕೆಟ್ಟಿದ್ದು ಬೇರೆ ಕಡೆ. ಆಂಟೆನಾಗೆ ಕೊಟ್ಟ ಪವರ್‌ನಲ್ಲಿ ಎಷ್ಟು ವಾಪಸ್ ಬಂತು ಎನ್ನುವ ಅಳತೆ ಎಸ್11. ನಾನು ಅದೊಂದನ್ನೇ ನಂಬಿದೆ. ಗ್ರಾಫಿನಲ್ಲಿ ಆಳವಾದ ಕುಳಿ, ಬ್ಯಾಂಡ್‌ವಿಡ್ತ್ ಕೂಡ ಜಾಸ್ತಿ. ಆದರೆ ಎಸ್11 ಹೇಳುವುದು ಪವರ್ ವಾಪಸ್ ಬರಲಿಲ್ಲ ಅಂತ ಮಾತ್ರ. ಗಾಳಿಗೆ ಹೋಯಿತು ಅಂತ ಅಲ್ಲ. 50 ಓಮ್ ರೆಸಿಸ್ಟರ್ ಹಾಕಿದರೂ ಎಸ್11 ಚಂದ ಬರುತ್ತದೆ, ಅದು ಆಂಟೆನಾ ಆಗುತ್ತಾ? ತೆಳು ವಯಾ (ಬೋರ್ಡಿನ ಪದರಗಳನ್ನು ಜೋಡಿಸುವ ಲೋಹದ ರಂಧ್ರ), ಸಣ್ಣ ಸ್ಟಬ್‌ಗಳಲ್ಲಿ (ತಾಮ್ರದ ಕವಲುಗಳಲ್ಲಿ) ಕರೆಂಟ್ ಒತ್ತಾಗಿ ಹರಿದು ಪವರ್ ಬಿಸಿಯಾಗಿ ಹೋಗುತ್ತದೆ. ಉಳಿದಿದ್ದನ್ನು ಎಫ್‌ಆರ್4 ನುಂಗುತ್ತದೆ, ಅದರ ಲಾಸ್ ಟ್ಯಾಂಜೆಂಟ್ ಸುಮಾರು 0.02. ಗಾತ್ರ ಕುಗ್ಗಿದರೆ ಬ್ಯಾಂಡ್‌ವಿಡ್ತೂ ಕುಗ್ಗಬೇಕು ಎಂದು ಎಂಜಿನಿಯರ್ ಎಲ್.ಜೆ. ಚೂ 1948ರಲ್ಲೇ ತೋರಿಸಿದ್ದರು. ಮೆಟಾಮೆಟೀರಿಯಲ್ ಅಂದ ಮಾತ್ರಕ್ಕೆ ಆ ಮಿತಿ ತಪ್ಪುವುದಿಲ್ಲ. ಪುಟ್ಟ ಆಂಟೆನಾದಲ್ಲಿ ಅಗಲ ಬ್ಯಾಂಡ್ ಕಂಡರೆ ಮೊದಲು ಅನುಮಾನ ಪಡಿ.

ಇನ್ನೊಂದು ಸುಳಿವೂ ಸಿಕ್ಕಿತ್ತು. ಅಳತೆಯ ಕೇಬಲ್ ಮುಟ್ಟಿದರೆ ಕುಳಿ ಜಾಗ ಬದಲಿಸುತ್ತಿತ್ತು. ಅಂದರೆ ಗ್ರೌಂಡ್ ಸಾಲದೆ ಕೇಬಲ್ಲೇ ಆಂಟೆನಾ ಆಗಿತ್ತು! ಲ್ಯಾಬಿನಲ್ಲಿ ಕೇಬಲ್ ಇತ್ತು, ಗದ್ದೆಯಲ್ಲಿ ಎಲ್ಲಿಂದ ಬರಬೇಕು? ನಾಲ್ಕು ಬದು ದಾಟುವುದರೊಳಗೆ ಸಿಗ್ನಲ್ ಸತ್ತಿತು. ಬೋರ್ಡಿಗೆ ಸುರಿದ ದುಡ್ಡೂ ಹೋಯಿತು, ಆ ಹಂಗಾಮೂ ಹೋಯಿತು. ಕೊನೆಗೆ ಕೆಲಸ ಮಾಡಿದ್ದು ಕಾಲು ತರಂಗದ ತಂತಿ, ಸುಮಾರು 8.6 ಸೆಂ.ಮೀ. ಉದ್ದದ್ದು.

ಅದಕ್ಕೇ ಕೇಳುತ್ತೇನೆ, ಕಾಲುವೆ ಪಕ್ಕದ ಕಂಬದ ಮೇಲೆ ಜಾಗಕ್ಕೇನು ಬರ? ಕೈಗಡಿಯಾರಕ್ಕೆ ಪುಟ್ಟ ಆಂಟೆನಾ ಬೇಕು ಅಂದರೆ ಒಪ್ಪಿಕೊಳ್ಳುತ್ತೇನೆ. ನಿಮ್ಮ ಸೆನ್ಸರ್ ಡಬ್ಬಿಗೆ ತಂತಿಯೇ ಸಾಕು.

ಪ್ರಾಜೆಕ್ಟ್ ಗೈಡ್‌ಗೆ ಹೊಸತೇ ಬೇಕು ಅಂತೀರಾ? (ಬೇಕೇ ಬೇಕಿರುತ್ತದೆ, ಗೊತ್ತು.) ಹಾಗಾದರೆ ಎರಡು ಸೆಲ್ ಇಡಿ. ಆಮೇಲೆ ಬೋರ್ಡನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿ. ಆಂಟೆನಾ ಸುತ್ತ ಐದಾರು ಸೆಂ.ಮೀ. ಜಾಗ ಇರಲಿ, ಕೇಬಲ್ಲಿನ ಹೊರಕವಚ ಡಬ್ಬಿಗೆ ತಾಗಲಿ. ಡಬ್ಬಿ ಅಲೆಗಳನ್ನು ಹೊರಗೆ ಬಿಡುವುದಿಲ್ಲ, ಹಾಗಾಗಿ ನಿಜವಾಗಿ ರೇಡಿಯೇಟ್ ಆಗುತ್ತಿದ್ದರೆ ಎಸ್11 ಕುಳಿ ಬಹುತೇಕ ಮಾಯವಾಗಬೇಕು. ಹಾಗೇ ಉಳಿದರೆ ಸಿಂಧನೂರಿನವರೆಗೂ ಹೋಗಬೇಡಿ, ಬಸ್ ಚಾರ್ಜಾದರೂ ಉಳಿಯುತ್ತದೆ.